ನೆರಳು ಸುಳ್ಳು ಹೇಳಬಾರದು



ಗಂಡ ಹೆಂಡತಿ ಜೊತೆಯಲ್ಲಿ ಕೂತು ಒಂದೂ ಫೋಟೊ ತೆಗೆಸಿಕೊಳ್ಳದೆ ಬದುಕು ಮುಗಿಸಿದ ಮನೆಗಳು ನಮ್ಮ ಹಾಸನ ಸೀಮೆಯಲ್ಲಿ ಬೇಕಾದಷ್ಟಿವೆ. ಅಜ್ಜನೋ ಅಜ್ಜಿಯೋ ಹೋದ ಮೇಲೆ ಮಕ್ಕಳು ಟ್ರಂಕು ತಡಕುತ್ತಾರೆ. ಅಜ್ಜನದು ಯಾರದೋ ಮದುವೆಯ ಗುಂಪಿನಲ್ಲಿ ಅರ್ಧ ಮರೆಯಾದ ಮುಖ. ಅಜ್ಜಿಯದು ಯಾವುದೋ ಅರ್ಜಿಗೆ ಅಂಟಿಸಲು ತೆಗೆಸಿದ ಚಿಕ್ಕ ಫೋಟೊ. ಎರಡನ್ನೂ ಹಿಡಿದುಕೊಂಡು ಹೊಳೆನರಸೀಪುರದ್ದೋ ಅರಕಲಗೂಡಿನದೋ ಸ್ಟುಡಿಯೊಕ್ಕೆ ಬಂದು, "ಅಣ್ಣ, ಇಬ್ಬರನ್ನೂ ಜೊತೆಯಲ್ಲಿ ಕೂರಿಸಿ ಕೊಡಿ" ಅನ್ನುತ್ತಾರೆ. ಸ್ಟುಡಿಯೊದವರು ಮುಖಗಳನ್ನು ಕಟ್ ಮಾಡಿ, ಬೇರೆ ಮೈಗೆ ಕೂಡಿಸಿ, ಹಿಂದೆ ಒಂದು ನೀಲಿ ಪರದೆ ಹಾಕಿ ಪ್ರಿಂಟ್ ತೆಗೆಯುತ್ತಾರೆ. ತಿಥಿಯ ಹೊತ್ತಿಗೆ ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಪಕ್ಕಪಕ್ಕ ಕೂತು ಗೋಡೆಗೆ ಬರುತ್ತಾರೆ. ಯಾವತ್ತೂ ನಡೆಯದ ಒಂದು ಗಳಿಗೆ ಆ ಮನೆಯ ನೆನಪಾಗಿ ಉಳಿಯುತ್ತದೆ. ಅದನ್ನು ಸುಳ್ಳು ಎಂದು ಆ ಮನೆಯಲ್ಲಿ ಯಾರೂ ಹೇಳುವುದಿಲ್ಲ.

ಈ ಹೊತ್ತು ನಾನು ಮಾತಾಡಲು ಬಂದಿರುವುದು ಈ ಕೆಲಸದ ಒಡಹುಟ್ಟಿದ ಕಲೆಯ ಬಗ್ಗೆ. ಫೋಟೊಗಳನ್ನು ಕೂಡಿಸಿ, ಕಳೆದು, ಕನಸಿನಂಥ ಚಿತ್ರ ಮಾಡುವುದನ್ನು ಕಲಿಯುವುದು ಹೇಗೆ ಎಂಬುದು ನನ್ನ ವಿಷಯ. ಕಲಾವಿಮರ್ಶಕರು ಇಂಥದ್ದನ್ನು ಅತಿವಾಸ್ತವ ಚಿತ್ರ ಎನ್ನುತ್ತಾರೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಮ್ಮ ಈ ನಾಲ್ಕೂ ತಾಲ್ಲೂಕಿನ ಹುಡುಗ ಹುಡುಗಿಯರ ಕೈಯಲ್ಲಿ ಈಗ ಒಳ್ಳೆಯ ಕ್ಯಾಮೆರಾ ಇರುವ ಫೋನಿದೆ. ಬೆನ್ನಿಗೆ ರೆಕ್ಕೆ ಅಂಟಿಸಿಕೊಳ್ಳುತ್ತಾರೆ, ಹಿಂದೆ ಬೆಟ್ಟದಷ್ಟು ದೊಡ್ಡ ಚಂದ್ರನನ್ನು ತಂದು ನಿಲ್ಲಿಸುತ್ತಾರೆ. ಆ ಚಿತ್ರಗಳಲ್ಲಿ ಆಸೆ ಇದೆ, ಕೈಚಳಕವೂ ಇದೆ. ಆದರೆ ರೆಕ್ಕೆ ಯಾರದೋ, ಚಂದ್ರ ಯಾರದೋ, ಬೆಟ್ಟ ಯಾವ ದೇಶದ್ದೋ. ಎಲ್ಲ ಇಂಟರ್ನೆಟ್ಟಿನಿಂದ ಇಳಿಸಿಕೊಂಡದ್ದು. ಅದಕ್ಕೇ ಎಲ್ಲ ಊರಿನವರ ಚಿತ್ರವೂ ಒಂದೇ ಥರ ಕಾಣುತ್ತದೆ. ನಾನು ಹೇಳಬೇಕೆಂದಿರುವುದು ಇಷ್ಟು: ನಮ್ಮ ಬಿಸಿಲನ್ನು, ನಮ್ಮ ನೀರನ್ನು, ನಮ್ಮ ನೆಲದ ನೆರಳನ್ನು ಚೆನ್ನಾಗಿ ನೋಡಿದವರು ಕಟ್ಟಿದ ಕನಸನ್ನು ಮಾತ್ರ ನೋಡುಗರ ಕಣ್ಣು ಒಪ್ಪುತ್ತದೆ.

ಅತಿವಾಸ್ತವವಾದ ಪ್ಯಾರಿಸ್ಸಿನಲ್ಲಿ ಹುಟ್ಟಿದ ಚಳವಳಿ. ಆಂದ್ರೆ ಬ್ರೆತೋನ್ ಎಂಬ ಕವಿ 1924ರಲ್ಲಿ ಅದರ ಪ್ರಣಾಳಿಕೆ ಬರೆದ. ಎಚ್ಚರದ ಬುದ್ಧಿ ತಡೆದು ನಿಲ್ಲಿಸುವುದನ್ನು ಕನಸು ತಡೆಯದೆ ತೋರಿಸುತ್ತದೆ, ಕಲೆಯೂ ಹಾಗೆ ತೋರಿಸಬೇಕು ಎಂಬುದು ಆ ಗುಂಪಿನ ನಂಬಿಕೆ. ಅವರಲ್ಲಿ ನಮಗೆ ಪಾಠ ಹೇಳಬಲ್ಲವನು ಬೆಲ್ಜಿಯಂ ದೇಶದ ರೆನೆ ಮಾಗ್ರಿತ್. 'ಬೆಳಕಿನ ಸಾಮ್ರಾಜ್ಯ' ಎಂಬ ಹೆಸರಿನಲ್ಲಿ ಅವನು ಮತ್ತೆ ಮತ್ತೆ ಬರೆದ ಒಂದು ಚಿತ್ರವಿದೆ. ಕೆಳಗೆ ರಾತ್ರಿಯ ಬೀದಿ, ಮರಗಳ ಕತ್ತಲು, ಮನೆಯೆದುರು ಉರಿಯುವ ಒಂದು ದೀಪದ ಕಂಬ. ಮೇಲೆ ಮಾತ್ರ ನಡುಹಗಲಿನ ನೀಲಿ ಆಕಾಶ, ಬಿಳಿ ಮೋಡ. ಮನೆ ಮನೆಯಂತಿದೆ, ಮರ ಮರದಂತಿದೆ, ದೀಪದ ಬೆಳಕು ಗೋಡೆಯ ಮೇಲೆ ಬೀಳಬೇಕಾದಲ್ಲೇ ಬಿದ್ದಿದೆ. ಅವನು ಬದಲಾಯಿಸಿದ್ದು ಒಂದೇ ಒಂದನ್ನು. ಕಲಿಯುವವರು ಮೊದಲು ಹಿಡಿದುಕೊಳ್ಳಬೇಕಾದ ಸೂತ್ರವೇ ಇದು: ಒಂದು ಚಿತ್ರಕ್ಕೆ ಒಂದೇ ಸುಳ್ಳು ಸಾಕು. ಮಿಕ್ಕದ್ದೆಲ್ಲ ನಿಜ ಇರಬೇಕು, ಬರೀ ನಿಜಕ್ಕಿಂತ ಹೆಚ್ಚು ನಿಜ ಇರಬೇಕು.

ನಮ್ಮವರೇ ಆದ ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿ ಫೋಟೊ ಎಡಿಟಿಂಗ್ ಇಲ್ಲದೆಯೇ ಈ ಸೂತ್ರವನ್ನು ಬೀದಿಯಲ್ಲಿ ಮಾಡಿ ತೋರಿಸಿದರು. 2015ರಲ್ಲಿ ಬೆಂಗಳೂರಿನ ರಸ್ತೆಯ ನೀರು ತುಂಬಿದ ಗುಂಡಿಯಲ್ಲಿ ಒಂದು ಮೊಸಳೆಯ ಶಿಲ್ಪ ಕೂರಿಸಿದರು. 2019ರಲ್ಲಿ, ಚಂದ್ರಯಾನ-2ರ ಸುದ್ದಿ ಎಲ್ಲರ ಬಾಯಲ್ಲಿದ್ದಾಗ, ಗಗನಯಾತ್ರಿಯ ಉಡುಪು ತೊಟ್ಟ ವ್ಯಕ್ತಿಯನ್ನು ರಾತ್ರಿ ಹೊತ್ತು ರಸ್ತೆಯ ಹಳ್ಳಗಳ ನಡುವೆ ತೇಲಿದಂತೆ ನಡೆಸಿ ವಿಡಿಯೊ ಮಾಡಿಸಿದರು. ಮೊದಲ ನೋಟಕ್ಕೆ ಅದು ಚಂದ್ರನ ನೆಲವೇ ಸರಿ. ಪಕ್ಕದಲ್ಲಿ ಆಟೊ ಹಾದುಹೋದಾಗ ಇದು ಬೆಂಗಳೂರು ಎಂದು ಗೊತ್ತಾಗುತ್ತದೆ. ಪಕ್ಕದಿಂದ ಬೀಳುವ ಬೆಳಕಿನಲ್ಲಿ ಗುಂಡಿಯ ಅಂಚು ಚಂದ್ರನ ಕುಳಿಯಂತೆ ಕಾಣುತ್ತದೆ ಎಂಬುದನ್ನು ಅವರು ಮೊದಲು ಕಣ್ಣಿನಿಂದ ಕಂಡುಕೊಂಡಿರಬೇಕು. ಉಡುಪು ಆಮೇಲಿನ ಮಾತು.

ಇಷ್ಟಕ್ಕೂ ನಮ್ಮ ಜಿಲ್ಲೆಗೆ ಈ ಕಲೆ ಹೊರಗಿನಿಂದ ಬರಬೇಕಾಗಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋಗಿ. ಬೊಮ್ಮಣ್ಣ ದಂಡನಾಯಕ 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಸ್ಥಾನ ಅಲ್ಲಿದೆ. ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳು ಅಲ್ಲಿ ಕೆಲಸ ಮಾಡಿದವರು, ಹೆಸರು ಬಿಟ್ಟುಹೋದವರು. ಗೋಡೆಯ ಬುಡದಲ್ಲಿ ಸಾಲುಸಾಲಾಗಿ ಆನೆ, ಕುದುರೆ, ಬಳ್ಳಿ, ಪುರಾಣದ ಕಥೆ, ಅದರ ಮೇಲೆ ಮಕರದ ಸಾಲು, ಹಂಸದ ಸಾಲು. ಮಕರವನ್ನು ನಿಂತು ನೋಡಿ. ಆನೆಯ ಸೊಂಡಿಲು, ಮೊಸಳೆಯ ದವಡೆ, ಸಿಂಹದ ಕಾಲು, ನವಿಲಿನಂತೆ ಸುರುಳಿಯಾಗಿ ಹರಡುವ ಬಾಲ. ಇಂಥ ಪ್ರಾಣಿ ಎಲ್ಲೂ ಇಲ್ಲ. ಆದರೂ ಅದು ಈಗಲೋ ಆಗಲೋ ಹೆಜ್ಜೆ ಇಡುವಂತೆ ಕಾಣುತ್ತದೆ, ಏಕೆಂದರೆ ಕೆಳಗಿನ ಸಾಲಿನಲ್ಲಿ ಆನೆಯನ್ನು ಆನೆಯಾಗಿಯೇ ಕೆತ್ತಿ ಕೈ ಪಳಗಿಸಿಕೊಂಡವರು ಆ ಸೊಂಡಿಲನ್ನು ಮಕರಕ್ಕೆ ಕೊಟ್ಟಿದ್ದಾರೆ. ಸೊಂಡಿಲು ಮುಗಿದು ದವಡೆ ಶುರುವಾಗುವ ಜಾಗ ಹುಡುಕಿದರೂ ಸಿಗುವುದಿಲ್ಲ. ಎರಡು ಫೋಟೊ ಸೇರುವ ಅಂಚು ಹೇಗಿರಬೇಕೆಂದು ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆಯನ್ನು ನಾನು ಕಂಡಿಲ್ಲ.

ಕಲ್ಪನೆಯ ಕಡೆಯಿಂದ ನೋಡಿದರೂ ಹಾಗೆಯೇ. ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ಬಾಗಿಲು ತೆರೆಯುವ ಹಾಸನಾಂಬೆಯ ಗುಡಿಯಲ್ಲಿ ಸೊಸೆ ಕಲ್ಲು ಇದೆ. ಅತ್ತೆಯ ಕಾಟಕ್ಕೆ ಸಿಕ್ಕ ಸೊಸೆ ಕಲ್ಲಾಗಿ, ವರ್ಷಕ್ಕೆ ಒಂದು ಅಕ್ಕಿಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತಾಳೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಎಂಬುದು ಜನರ ನಂಬಿಕೆ. ಕಾಲವನ್ನು ಅಕ್ಕಿಕಾಳಿನಲ್ಲಿ ಅಳೆಯುವ ಈ ಕಲ್ಪನೆ ಕಿವಿಗೆ ಬಿದ್ದು ಬೆಳೆದ ಮಕ್ಕಳು ಬೇರೆಯವರ ರೆಕ್ಕೆ, ಬೇರೆಯವರ ಚಂದ್ರನಿಗಾಗಿ ಯಾಕೆ ಕಾಯಬೇಕು?

ಫೋಟೊ ಕೂಡಿಸುವ ಕೆಲಸವೂ ಕಂಪ್ಯೂಟರಿಗಿಂತ ಬಹಳ ಹಳೆಯದು. ಇಂಗ್ಲೆಂಡಿನಲ್ಲಿ ಆಸ್ಕರ್ ರೈಲಾಂಡರ್ 1857ರಲ್ಲೇ 30ಕ್ಕೂ ಹೆಚ್ಚು ನೆಗೆಟಿವ್ ಸೇರಿಸಿ ಒಂದೇ ದೊಡ್ಡ ಚಿತ್ರ ಮಾಡಿದ್ದ. ಅಮೆರಿಕದ ಜೆರ್ರಿ ಯೂಲ್ಸ್‌ಮನ್ ಕತ್ತಲೆ ಕೋಣೆಯಲ್ಲಿ ನೆಗೆಟಿವ್‌ನ ಚಿತ್ರವನ್ನು ಕಾಗದದ ಮೇಲೆ ಬೀಳಿಸುವ ಹಲವು ಎನ್‌ಲಾರ್ಜರ್ ಸಾಲಾಗಿ ಇಟ್ಟುಕೊಂಡು, ಒಂದೇ ಕಾಗದವನ್ನು ಒಂದರ ಕೆಳಗಿನಿಂದ ಇನ್ನೊಂದರ ಕೆಳಕ್ಕೆ ಸರಿಸುತ್ತಾ, ಬೇರು ಬಿಟ್ಟ ಮನೆಗಳನ್ನೂ ತೇಲುವ ಮರಗಳನ್ನೂ ಮಾಡಿದವರು. ಫೋಟೊಗ್ರಾಫರ್ ಫಿಲಿಪ್ ಹಾಲ್ಸ್‌ಮನ್ 1948ರಲ್ಲಿ ಚಿತ್ರಕಾರ ಡಾಲಿ, ಕುರ್ಚಿ, ಹಾರುವ ಬೆಕ್ಕುಗಳು, ಎರಚಿದ ನೀರು ಎಲ್ಲ ಗಾಳಿಯಲ್ಲಿ ನಿಂತಿರುವ ಚಿತ್ರ ತೆಗೆಯಲು 20ಕ್ಕೂ ಹೆಚ್ಚು ಸಲ ಬೆಕ್ಕು ಎಸೆಸಿ, ನೀರು ಎರಚಿಸಿದರು. ಕೆಲವು ವಸ್ತುಗಳನ್ನು ತೂಗುಹಾಕಿದ್ದ ತಂತಿಗಳನ್ನು ಆಮೇಲೆ ಚಿತ್ರದಿಂದ ಅಳಿಸಿದರು.

ನಮ್ಮವರಿಗೆ ಹತ್ತಿರದ ಉದಾಹರಣೆ ಬೇಕೆಂದರೆ 1977ರ 'ಬಭ್ರುವಾಹನ' ಸಿನಿಮಾ ಇದೆ. ಅರ್ಜುನನೂ ರಾಜಕುಮಾರ್, ಬಭ್ರುವಾಹನನೂ ರಾಜಕುಮಾರ್. ತಂದೆ ಮಗ ಎದುರುಬದುರು ನಿಂತು ಸವಾಲು ಹಾಕುವುದನ್ನು ಹಾಸನದ ಟಾಕೀಸುಗಳಲ್ಲಿ ಕೂತು ನೋಡಿದವರು ಇವತ್ತೂ ನನ್ನ ಮಾತು ಕೇಳುತ್ತಿರಬಹುದು. ದ್ವಿಪಾತ್ರದ ದೃಶ್ಯಗಳಿಗೆ ಆಗಿನವರು ಮಾಡುತ್ತಿದ್ದ ಉಪಾಯವೆಂದರೆ, ಕ್ಯಾಮೆರಾ ಕದಲದಂತೆ ಬಿಗಿದು, ಮಸೂರದ ಅರ್ಧ ಮುಚ್ಚಿ ಒಂದು ಪಾತ್ರ ಚಿತ್ರಿಸುವುದು. ಫಿಲ್ಮನ್ನು ಹಿಂದಕ್ಕೆ ಸುತ್ತಿ, ಇನ್ನೊಂದು ಅರ್ಧ ಮುಚ್ಚಿ ಎರಡನೆಯ ಪಾತ್ರ ಚಿತ್ರಿಸುವುದು. ಇವತ್ತು ಕಂಪ್ಯೂಟರಿನಲ್ಲಿ ಮಾಸ್ಕ್ ಎಂದು ಕರೆಯುವುದು ಇದನ್ನೇ.

ಟಾಮಸ್ ನೋಲ್, ಜಾನ್ ನೋಲ್ ಎಂಬ ಅಣ್ಣತಮ್ಮಂದಿರು ಮಾಡಿದ ಫೋಟೊಶಾಪ್ 1990ರಲ್ಲಿ ಮಾರುಕಟ್ಟೆಗೆ ಬಂತು. ಅದರಲ್ಲಿ ಲೇಯರ್ ಬಂದದ್ದು 1994ರಲ್ಲಿ. ಒಂದು ಚಿತ್ರದ ಮೇಲೆ ಇನ್ನೊಂದನ್ನು ಇಟ್ಟು, ಬೇಕೆಂದಾಗ ಸರಿಸಿ, ಬೇಡವೆಂದಾಗ ತೆಗೆಯುವ ಸೌಕರ್ಯ ಅದು. ದುಡ್ಡು ಕೊಡಲಾಗದವರು ಕಳ್ಳ ಕಾಪಿ ಹುಡುಕಬೇಕಾಗಿಲ್ಲ. ಗಿಂಪ್ ಎಂಬ ತಂತ್ರಾಂಶ 1996ರಿಂದ ಉಚಿತವಾಗಿಯೇ ಇದೆ. ಲೇಯರ್, ಮಾಸ್ಕ್, ಕತ್ತರಿಸುವ ಅಂಚಿಗೆ ಗೆರೆ ಎಳೆಯುವ ಪೆನ್ ಟೂಲಿನಂಥದ್ದು ಎಲ್ಲ ಅದರಲ್ಲಿದೆ. ಬರೀ ಫೋನ್ ಇರುವವರು ಸ್ನ್ಯಾಪ್‌ಸೀಡಿನ ಡಬಲ್ ಎಕ್ಸ್‌ಪೋಶರಿನಲ್ಲಿ ಎರಡು ಚಿತ್ರ ಕೂಡಿಸಿ ಅಭ್ಯಾಸ ಶುರು ಮಾಡಬಹುದು.

ತಂತ್ರದಲ್ಲಿ ಮೊದಲು ಕಲಿಯಬೇಕಾದದ್ದು ಮಾಸ್ಕ್. ಬೇಡದ ಭಾಗವನ್ನು ರಬ್ಬರಿನಲ್ಲಿ ಅಳಿಸಿದರೆ ಅದು ಹೋಯಿತು, ಮತ್ತೆ ಬೇಕೆಂದರೂ ಸಿಗದು. ಮಾಸ್ಕಿನ ಮೇಲೆ ಕಪ್ಪು ಬಳಿದರೆ ಆ ಭಾಗ ಮರೆಯಾಗುತ್ತದೆ, ಬಿಳಿ ಬಳಿದರೆ ಮರಳಿ ಬರುತ್ತದೆ, ಬೂದು ಬಳಿದರೆ ಅರ್ಧ ಕಾಣುತ್ತದೆ. ಕಟಿಂಗನ್ನು ಗಟ್ಟಿ ಅಂಚಿನ ವಸ್ತುಗಳಿಂದ ಶುರು ಮಾಡಿ: ತಾಮ್ರದ ಕೊಡ, ಬಸ್ಸು, ಕಲ್ಲಿನ ಕಂಬ. ತೆಂಗಿನ ಗರಿಗೆ ಮೊದಲ ದಿನವೇ ಕೈ ಹಾಕಿದವರು ಬೇಸತ್ತು ಬಿಟ್ಟುಬಿಡುತ್ತಾರೆ. ಚನ್ನರಾಯಪಟ್ಟಣದ ಕಡೆಯವರಿಗೆ ತೆಂಗಿಲ್ಲದ ಚಿತ್ರವೇ ಇರುವುದಿಲ್ಲವಾದ್ದರಿಂದ ಒಂದು ಒಳದಾರಿ ಹೇಳುತ್ತೇನೆ. ಬಿಳಿ ಮೋಡ ಕವಿದ ಆಕಾಶವನ್ನು ಹಿಂದಿಟ್ಟುಕೊಂಡು ಮರದ ಫೋಟೊ ತೆಗೆಯಿರಿ. ಆ ಲೇಯರನ್ನು ಇನ್ನೊಂದು ಚಿತ್ರದ ಮೇಲಿಟ್ಟು, ಅದು ಬೆರೆಯುವ ಬಗೆಯನ್ನು ಮಲ್ಟಿಪ್ಲೈ ಎಂದು ಬದಲಾಯಿಸಿ. ಬಿಳಿ ತಾನಾಗಿ ಕರಗಿಹೋಗಿ ಗರಿ ಮಾತ್ರ ಉಳಿಯುತ್ತದೆ, ಒಂದು ಎಸಳನ್ನೂ ಕತ್ತರಿಸಬೇಕಾಗಿಲ್ಲ. ಕತ್ತಲಲ್ಲಿ ತೆಗೆದ ದೀಪಾವಳಿಯ ದೀಪ, ಹೂಕುಂಡದ ಕಿಡಿಗಳಿಗೆ ಇದರ ವಿರುದ್ಧದ ಸ್ಕ್ರೀನ್ ಎಂಬ ಬಗೆ ಇದೆ. ಅಲ್ಲಿ ಕಪ್ಪು ಕರಗುತ್ತದೆ, ಬೆಳಕು ಉಳಿಯುತ್ತದೆ.

ಇಷ್ಟನ್ನು ಯಾವ ಸ್ಟುಡಿಯೊದ ಹುಡುಗನೂ ಒಂದು ತಿಂಗಳಲ್ಲಿ ಕಲಿತುಬಿಡುತ್ತಾನೆ. ಕಷ್ಟ ಇರುವುದು ನೆರಳಿನಲ್ಲಿ.

ಹಾಸನ ಭೂಮಧ್ಯರೇಖೆಯಿಂದ ಉತ್ತರಕ್ಕೆ 13 ಡಿಗ್ರಿಯಲ್ಲಿದೆ. ಹಾಗಾಗಿ ವರ್ಷಕ್ಕೆ ಎರಡು ಸಲ, ಏಪ್ರಿಲ್ 24–25ರ ಸುಮಾರಿಗೆ ಮತ್ತು ಆಗಸ್ಟ್ 17–18ರ ಸುಮಾರಿಗೆ, ಸೂರ್ಯ ನಡುಮಧ್ಯಾಹ್ನ ನೆತ್ತಿಯ ಮೇಲೆ ಬರುತ್ತಾನೆ. ಏಪ್ರಿಲಿನ ಆ ದಿನ 12 ಗಂಟೆ ದಾಟಿ 25 ನಿಮಿಷದ ಹತ್ತಿರ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಯಾವ ಎಡಿಟಿಂಗೂ ಇಲ್ಲದೆ ಪ್ರಕೃತಿಯೇ ಮಾಡಿಕೊಡುವ ಅತಿವಾಸ್ತವ ಚಿತ್ರ ಅದು! ಬಸ್ ಸ್ಟ್ಯಾಂಡಿನ ಹತ್ತಿರದ ದೀಪದ ಕಂಬವನ್ನು ಆ ಹೊತ್ತಿಗೆ ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಈ ಎರಡು ದಿನಗಳ ನಡುವಿನ ತಿಂಗಳುಗಳಲ್ಲಿ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಜೂನ್ ಕೊನೆಯ ನಡುಹಗಲಲ್ಲಿ 10 ಅಡಿಯ ಕಂಬದ ನೆರಳು 2 ಅಡಿಯೂ ಇರುವುದಿಲ್ಲ, ಅದೂ ದಕ್ಷಿಣಕ್ಕೆ ಬೀಳುತ್ತದೆ. ಡಿಸೆಂಬರ್ ಕೊನೆಯಲ್ಲಿ ಅದೇ ಕಂಬದ ನೆರಳು 7 ಅಡಿಗೂ ಮೀರಿ ಉತ್ತರಕ್ಕೆ ಚಾಚುತ್ತದೆ. ಜೂನಿನಲ್ಲಿ ತೆಗೆದ ಮನೆಯ ಪಕ್ಕದಲ್ಲಿ ಡಿಸೆಂಬರಿನಲ್ಲಿ ತೆಗೆದ ಮನುಷ್ಯನನ್ನು ನಿಲ್ಲಿಸಿದರೆ, ನೋಡುವವರಿಗೆ ಕಾರಣ ಹೇಳಲು ಬರದಿದ್ದರೂ ಎಲ್ಲೋ ಏನೋ ತಪ್ಪಿದೆ ಅನ್ನಿಸುತ್ತದೆ. ಆ ಅನುಮಾನ ಬಂದ ಕ್ಷಣ ಕನಸು ಮುರಿದುಬಿತ್ತು.

ಆದ್ದರಿಂದ ಪ್ರತಿ ಫೋಟೊ ತೆಗೆದಾಗಲೂ ಒಂದು ನೋಟ್‌ಬುಕ್ಕಿನಲ್ಲಿ ಊರು, ತಾರೀಖು, ಗಂಟೆ, ಯಾವ ದಿಕ್ಕಿಗೆ ಮುಖ ಮಾಡಿ ತೆಗೆದದ್ದು ಎಂದು ಬರೆದಿಡಿ. ಹೊಸಬರಿಗೆ ಮೋಡದ ದಿನಗಳೇ ಒಳ್ಳೆಯವು. ಮುಂಗಾರು ಹಿಡಿದ ಮೇಲೆ ಹಾಸನ, ಅರಕಲಗೂಡಿನ ಕಡೆ ದಿನಗಟ್ಟಲೆ ಬಿಸಿಲು ಕಾಣುವುದಿಲ್ಲ. ಆಗ ನೆರಳಿಗೆ ದಿಕ್ಕೇ ಇಲ್ಲ, ಕಾಲ ಬುಡದಲ್ಲಿ ಒಂದಿಷ್ಟು ಕಪ್ಪು ಇದ್ದರೆ ಆಯಿತು. ಅಂಥ ದಿನ ತೆಗೆದ ಎರಡು ಫೋಟೊ ಸುಲಭವಾಗಿ ಒಂದಕ್ಕೊಂದು ಹೊಂದುತ್ತವೆ. ಬಿಸಿಲಿನ ನೆರಳು ಬೇಕಾದಾಗ ಮೂರು ಸಂಗತಿ ನೆನಪಿಡಿ. ವಸ್ತು ನೆಲ ಮುಟ್ಟುವಲ್ಲಿ ನೆರಳು ಗಾಢ, ಅಂಚು ಹರಿತ. ದೂರ ಹೋದ ಹಾಗೆ ಅಂಚು ಮೆತ್ತಗಾಗುತ್ತದೆ. ನೆರಳು ಬರೀ ಕಪ್ಪಾಗಿರುವುದಿಲ್ಲ. ಆಕಾಶದ ಬೆಳಕು ಬಿದ್ದು ಅದರಲ್ಲಿ ಸ್ವಲ್ಪ ನೀಲಿ ಸೇರಿರುತ್ತದೆ, ಕೆಮ್ಮಣ್ಣಿನ ಮೇಲೆ ಬಿದ್ದರೆ ಮಣ್ಣಿನ ಕೆಂಪೂ ಉಳಿದಿರುತ್ತದೆ.

ನೆರಳಾದ ಮೇಲೆ ದಿಗಂತ. ಸಮತಟ್ಟಾದ ಆಲೂಗಡ್ಡೆ ಹೊಲದಲ್ಲಿ ನೀವು ನಿಂತು ಫೋನನ್ನು ಕಣ್ಣಿನ ಎತ್ತರಕ್ಕೆ ಹಿಡಿದರೆ, ನಿಮ್ಮಷ್ಟೇ ಎತ್ತರದವರು ಹತ್ತಿರ ನಿಂತಿರಲಿ, ಹೊಲದಾಚೆ ನಿಂತಿರಲಿ, ಎಲ್ಲರ ಕಣ್ಣೂ ದಿಗಂತದ ಗೆರೆಯ ಮೇಲೇ ಬರುತ್ತವೆ. ಇದೊಂದನ್ನು ತಿಳಿದರೆ ಯಾರನ್ನು ಎಷ್ಟು ಚಿಕ್ಕದು ಮಾಡಿ ಎಲ್ಲಿ ನಿಲ್ಲಿಸಬೇಕೆಂಬ ಗೊಂದಲ ತೀರುತ್ತದೆ. ಇನ್ನು ದೂರದ ವಸ್ತುಗಳ ಕಪ್ಪು ಕಪ್ಪಾಗಿ ಉಳಿಯುವುದಿಲ್ಲ. ಮಾವಿನಕೆರೆ ಬೆಟ್ಟವನ್ನು ಹೊಳೆನರಸೀಪುರದ ಕಡೆಯಿಂದ ಬೆಳಗಿನ ಹೊತ್ತು ನೋಡಿ, ಬಂಡೆಯ ಕಪ್ಪು ಮಾಸಲು ನೀಲಿಯಾಗಿರುತ್ತದೆ. ಹತ್ತಿರದಿಂದ ತೆಗೆದ ಬಂಡೆಯನ್ನು ದೂರದ ಬೆಟ್ಟವಾಗಿ ಬಳಸುವಾಗ ಆ ಮಬ್ಬನ್ನೂ ಕೊಡಬೇಕು.

ಬಾನುಲಿಯಲ್ಲಿ ಚಿತ್ರ ತೋರಿಸಲು ಬರುವುದಿಲ್ಲ. ಆದರೂ ಒಂದು ಚಿತ್ರವನ್ನು ನಿಮ್ಮ ಜೊತೆ ಮೊದಲಿನಿಂದ ಕಟ್ಟಬೇಕೆಂದು ಆಸೆ. ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದ ಶೆಟ್ಟಿಹಳ್ಳಿಗೆ ಬನ್ನಿ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಚರ್ಚು ಅಲ್ಲಿದೆ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟೆ 1979ರಲ್ಲಿ ಮುಗಿಯಿತು. ಹಿನ್ನೀರು ಏರಿತು, ಜನ ಊರು ಬಿಟ್ಟು ಬೇರೆ ಕಡೆ ನೆಲೆಸಿದರು, ಚರ್ಚು ಮಾತ್ರ ಇದ್ದಲ್ಲೇ ಉಳಿಯಿತು. ಮಳೆಗಾಲದಲ್ಲಿ ಅದರ ಕಮಾನುಗಳು ನೀರಿನ ನಡುವೆ ನಿಂತಿರುತ್ತವೆ, ಬೇಸಿಗೆಯಲ್ಲಿ ಬುಡದವರೆಗೆ ನಡೆದುಹೋಗಬಹುದು. ಚಾವಣಿ ಇಲ್ಲ, ಗೋಡೆ ಕರಗುತ್ತಿದೆ. ನಾವು ಕಟ್ಟುವ ಚಿತ್ರ ಇದು: ಮೇಲೆ ಈಗಿರುವ ಹಾಳು ಚರ್ಚು, ಕೆಳಗೆ ನೀರಿನ ಪ್ರತಿಬಿಂಬದಲ್ಲಿ ಚಾವಣಿ ಹೊತ್ತ ಇಡೀ ಚರ್ಚು. ನೀರು ತಾನು ತೆಗೆದುಕೊಂಡದ್ದನ್ನು ನೆನಪಿಟ್ಟುಕೊಂಡಿದೆ ಅನ್ನುವುದೊಂದೇ ಇಲ್ಲಿನ ಸುಳ್ಳು.

ಮಳೆ ನಿಂತು ನೀರು ತುಂಬಿರುವ ದಿನಗಳಲ್ಲಿ, ಗಾಳಿ ಏಳುವ ಮೊದಲು, ಬೆಳ್ಳಂಬೆಳಗ್ಗೆ ಹೋಗಿ. ನೀರಿಗೆ ಇಳಿಯಬೇಡಿ, ದಡದ ಕೆಸರು ನಂಬುವಂಥದ್ದಲ್ಲ. ಫೋನನ್ನು ನೀರಿನ ಮಟ್ಟಕ್ಕೆ ಎಷ್ಟು ಹತ್ತಿರ ಹಿಡಿಯಲು ಆಗುತ್ತದೋ ಅಷ್ಟು ಹತ್ತಿರ ಹಿಡಿದು ತೆಗೆಯಿರಿ. ಇದಕ್ಕೆ ಕಾರಣವಿದೆ. ಪ್ರತಿಬಿಂಬ ಎಂದರೆ ಫೋಟೊವನ್ನು ತಲೆಕೆಳಗು ಮಾಡಿದ್ದು ಎಂದು ಎಲ್ಲರೂ ತಿಳಿದಿರುತ್ತಾರೆ. ಹಾಗಲ್ಲ. ನಿಮ್ಮ ಕಣ್ಣು ನೀರಿನಿಂದ 5 ಅಡಿ ಮೇಲಿದ್ದರೆ, ಪ್ರತಿಬಿಂಬ ತೋರಿಸುವುದು 5 ಅಡಿ ಕೆಳಗಿನಿಂದ ನೋಡಿದಂಥ ಕಟ್ಟಡವನ್ನು. ಸೂರಿನ ಅಡಿಭಾಗ, ಕಮಾನಿನ ಒಳಮೈ ಅಲ್ಲಿ ಹೆಚ್ಚು ಕಾಣುತ್ತವೆ. ಕ್ಯಾಮೆರಾ ನೀರಿಗೆ ಹತ್ತಿರವಾದಷ್ಟೂ ಈ ವ್ಯತ್ಯಾಸ ಕಡಿಮೆ, ತಲೆಕೆಳಗು ಮಾಡಿದ ಚಿತ್ರ ಹೊಂದುವುದು ಹೆಚ್ಚು.

ಚಾವಣಿ ಹೇಗಿತ್ತು ಎಂದು ಆ ಕಡೆಯ ಹಿರಿಯರನ್ನು ಕೇಳಿ. ಕೇಳಿ ತಿಳಿದದ್ದಕ್ಕೆ ಹೊಂದುವ ಹಳೆಯ ಕಟ್ಟಡವೊಂದನ್ನು ಹುಡುಕಿ, ಅದೇ ಕೋನದಿಂದ, ಅದೇ ಹೊತ್ತಿನ ಬೆಳಕಿನಲ್ಲಿ ತೆಗೆಯಿರಿ. ಈ ಹುಡುಕಾಟಕ್ಕೆ ವಾರಗಳೇ ಹಿಡಿಯಬಹುದು, ಹಿಡಿಯಲಿ. ಕಂಪ್ಯೂಟರಿನಲ್ಲಿ ಚರ್ಚಿನ ಲೇಯರನ್ನು ಪ್ರತಿ ಮಾಡಿ, ಚಾವಣಿಯನ್ನು ಪೆನ್ ಟೂಲಿನಿಂದ ಕತ್ತರಿಸಿ ಅದಕ್ಕೆ ಕೂರಿಸಿ, ಎರಡನ್ನೂ ಒಟ್ಟು ತಲೆಕೆಳಗು ಮಾಡಿ, ಗೋಡೆ ನೀರು ಮುಟ್ಟುವ ಗೆರೆಗೆ ಸರಿಯಾಗಿ ಜೋಡಿಸಿ. ಇನ್ನು ಅದನ್ನು ನೀರಾಗಿಸಬೇಕು. ಪ್ರತಿಬಿಂಬದಲ್ಲಿ ಬಿಳಿ ಅಷ್ಟು ಬಿಳಿಯಲ್ಲ, ಕಪ್ಪು ಅಷ್ಟು ಕಪ್ಪಲ್ಲ. ನೀರಿನ ಕಂದು ಎರಡಕ್ಕೂ ಸೇರುತ್ತದೆ. ಬೆಳಕು ತಗ್ಗಿಸಿ, ಆ ಕಂದನ್ನು ನಿಮ್ಮ ಫೋಟೊದ ನೀರಿನಿಂದಲೇ ತೆಗೆದು ತೆಳುವಾಗಿ ಬಳಿಯಿರಿ. ಆಮೇಲೆ ಅಲೆ. ನೋಡುವವರ ಹತ್ತಿರ ಅಲೆಗಳು ಅಗಲ, ದೂರ ಹೋದಂತೆ ಸಣ್ಣ. ಗಿಂಪಿನಲ್ಲಿ ಇದಕ್ಕೆ ರಿಪ್ಪಲ್, ಡಿಸ್‌ಪ್ಲೇಸ್ ಎಂಬ ಫಿಲ್ಟರುಗಳಿವೆ. ಇಡೀ ನೀರಿಗೆ ಒಂದೇ ಅಳತೆ ಕೊಟ್ಟರೆ ಮೋಸ ಬಯಲಾಗುತ್ತದೆ. ಕೊನೆಗೆ, ಮೂಲ ಫೋಟೊದ ನೀರಿನ ಮೇಲೆ ತೇಲುತ್ತಿದ್ದ ಒಂದೆರಡು ಎಲೆ, ಹುಲ್ಲಿನ ಎಸಳು, ಮಿಂಚುವ ಗೆರೆಗಳನ್ನು ಮಾಸ್ಕಿನ ಮೂಲಕ ಎಲ್ಲದರ ಮೇಲೆ ಮರಳಿ ತನ್ನಿ. ನಿಜವಾದ ಆ ಎಲೆ ಚಾವಣಿಯ ಪ್ರತಿಬಿಂಬವನ್ನೂ ನಿಜ ಮಾಡುತ್ತದೆ.

ಪ್ರಿಂಟ್ ಹಾಕಿಸುವವರು ನೆನಪಿಡಬೇಕಾದ ಲೆಕ್ಕ: 12 ಇಂಚು ಅಗಲ 18 ಇಂಚು ಉದ್ದದ ಹಾಳೆಗೆ, ಇಂಚಿಗೆ 300 ಚುಕ್ಕಿಯಂತೆ, 3600 ಚುಕ್ಕಿ ಅಗಲ, 5400 ಚುಕ್ಕಿ ಉದ್ದದ ಚಿತ್ರ ಬೇಕು. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗಿಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ.

ವಸ್ತುವಿಗೆ ನಮ್ಮಲ್ಲಿ ಬರವಿಲ್ಲ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲಿ ತಂಬೂರಿಯ ಆಕಾರದಲ್ಲೇ ಕಟ್ಟಿದ ಸಪ್ತಸ್ವರ ದೇವತಾ ಧ್ಯಾನ ಮಂದಿರ ಇದೆ. ಕಟ್ಟಡವೇ ವಾದ್ಯವಾಗಿರುವ ಊರಿನಲ್ಲಿ ಕಲಾವಿದ ಇನ್ನೇನು ಕೇಳಬೇಕು? ರಾಮನಾಥಪುರದ ಸುತ್ತ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನುಗಳು ಎತ್ತರಕ್ಕೆ ಕಟ್ಟಿದ ಮನೆಗಳಂತೆ ನಿಂತಿವೆ. ಕೊಣನೂರಿನಲ್ಲಿ ಕಾವೇರಿಯ ಮೇಲೆ ತೂಗುಸೇತುವೆ ಇದೆ. ಅದರ ಆಚೆ ದಡವನ್ನು ಅಳಿಸಿ ಮೋಡಕ್ಕೆ ಮುಟ್ಟಿಸಿದರೆ ಸಾಕು, ಒಂದು ಚಿತ್ರವಾಯಿತು. ಒಂದೇ ಮಾತು, ಶ್ರವಣಬೆಳಗೊಳದ ಗೊಮ್ಮಟನನ್ನಾಗಲಿ ನಮ್ಮ ಗುಡಿಗಳ ದೇವರನ್ನಾಗಲಿ ಬರೀ ಬೆರಗು ಹುಟ್ಟಿಸುವುದಕ್ಕೆಂದು ಕತ್ತರಿಸಿ ಅಂಟಿಸಬೇಡಿ. ಭಕ್ತರ ಮನಸ್ಸು ನೋಯಿಸಿ ಗಳಿಸುವ ಗಮನಕ್ಕೆ ಬೆಲೆ ಇಲ್ಲ. ಇನ್ನೊಬ್ಬರ ಮುಖ ಬಳಸುವ ಮೊದಲು ಅವರನ್ನು ಕೇಳಿ. ಹೆಣ್ಣುಮಕ್ಕಳ ಫೋಟೊವನ್ನು ಕೆಟ್ಟದಾಗಿ ತಿದ್ದಿ ಹಂಚುವುದು ಅಪರಾಧ, ಅದಕ್ಕೆ ಕಲೆಯ ಹೆಸರು ಹೇಳುವ ಹಕ್ಕು ಯಾರಿಗೂ ಇಲ್ಲ. ಶೆಟ್ಟಿಹಳ್ಳಿಯಂಥ ಚಿತ್ರ ಮಾಡಿದಾಗ, ಇದು ಕೂಡಿಸಿದ ಚಿತ್ರ ಎಂದು ಕೆಳಗೆ ಬರೆಯಿರಿ. ಬರೆಯದಿದ್ದರೆ ನಾಳೆ ಯಾರಾದರೂ ಅದನ್ನು ಹಳೆಯ ಫೋಟೊ ಎಂದು ನಂಬಿ ಚರಿತ್ರೆಯಲ್ಲಿ ಸೇರಿಸುತ್ತಾರೆ.

ಈಗ ನಾಲ್ಕು ಮಾತು ಟೈಪ್ ಮಾಡಿದರೆ ಕೃತಕ ಬುದ್ಧಿಮತ್ತೆ ಇಂಥ ಚಿತ್ರವನ್ನು ಗಳಿಗೆಯಲ್ಲಿ ಕೊಡುತ್ತದಲ್ಲ, ಇಷ್ಟು ಕಷ್ಟ ಯಾಕೆ ಎಂದು ಕೇಳುವವರಿದ್ದಾರೆ. ಬಂದ ಚಿತ್ರ ಚೆನ್ನಾಗಿಯೇ ಇರಬಹುದು. ಆದರೆ ಅದನ್ನು ತರಿಸಿಕೊಂಡವರು ಶೆಟ್ಟಿಹಳ್ಳಿಯ ದಡದಲ್ಲಿ ಮಂಡಿ ಊರಿರುವುದಿಲ್ಲ, ಚಾವಣಿ ಹೇಗಿತ್ತೆಂದು ಯಾರನ್ನೂ ಕೇಳಿರುವುದಿಲ್ಲ. ಕಲಿಕೆ ನಡೆಯುವುದು ಆ ದಡದಲ್ಲಿ, ಆ ಮಾತುಕತೆಯಲ್ಲಿ. ಕಣ್ಣು ಪಳಗಿದ ಮೇಲೆ ಯಾವ ಹೊಸ ಉಪಕರಣ ಬಂದರೂ ಅದನ್ನು ಆಳಬಹುದು. ಪಳಗದ ಕಣ್ಣಿಗೆ ಉಪಕರಣ ಕೊಟ್ಟದ್ದೇ ಪ್ರಸಾದ.

ಕೊನೆಯದಾಗಿ ನಮ್ಮ ನಾಲ್ಕೂ ಊರುಗಳ ಸ್ಟುಡಿಯೊ ಮಾಲೀಕರಲ್ಲಿ ಒಂದು ಕೋರಿಕೆ. ಕಟಿಂಗ್, ಟಚಪ್, ಬ್ಯಾಕ್‌ಗ್ರೌಂಡ್ ಬದಲಾಯಿಸುವುದು, ಆಲ್ಬಮ್ ಡಿಸೈನಿಂಗ್ ಎಲ್ಲದರಲ್ಲೂ ನಿಮ್ಮ ಕೈ ಪಳಗಿದೆ. ಇಲ್ಲದ ಜೋಡಿ ಫೋಟೊವನ್ನು ಕಟ್ಟಿಕೊಟ್ಟು ಎಷ್ಟೋ ಮನೆಗಳ ಕಣ್ಣು ಒರೆಸಿದವರು ನೀವು. ಆಷಾಢದಲ್ಲಿ ಮದುವೆಗಳಿರುವುದಿಲ್ಲ, ನಿಮ್ಮ ಕಂಪ್ಯೂಟರುಗಳು ಸುಮ್ಮನಿರುತ್ತವೆ. ಮೋಡವೂ ಅದೇ ತಿಂಗಳು ಕವಿದಿರುತ್ತದೆ, ಫೋಟೊ ಕೂಡಿಸಲು ಕಲಿಯುವವರಿಗೆ ಹೇಳಿ ಮಾಡಿಸಿದ ಬೆಳಕು ಅದು. ಆ ಒಂದು ತಿಂಗಳು ನಿಮ್ಮ ಬೀದಿಯ ಇಬ್ಬರು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಸ್ಕ್ ಬಳಿಯುವುದನ್ನು ಹೇಳಿಕೊಡಿ. ತಂದೆತಾಯಿಯರೇ, ಇದು ಕಾಲಹರಣ ಎಂದು ನೀವೂ ಮಕ್ಕಳನ್ನು ತಡೆಯಬೇಡಿ. ಈ ಕೈಕೆಲಸಕ್ಕೆ ಹೊಟ್ಟೆಪಾಡೂ ಇದೆ, ಪುಸ್ತಕದ ಮುಖಪುಟದಿಂದ ಸಿನಿಮಾ ಪೋಸ್ಟರಿನವರೆಗೆ ಕೆಲಸವೂ ಇದೆ.